ಉಳಿದ ಮಾತ್ರೆ ಗೂಡಿನಲ್ಲಿ ಇಡಬೇಡಿ
(ಗ್ರಾಮಸೇವಕರು ರೈತರ ಕೂಟದಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಬದುಗಳ ಮಾತು ಬಿಟ್ಟು ಗ್ರಾಮಸೇವಕ ಇಂದು ಮಾತ್ರೆಯ ಮಾತು ಎತ್ತಿದನಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನಾನು ವೈದ್ಯನಲ್ಲ, ಬೇಸಾಯದ ಡಿಪ್ಲೊಮಾ ಓದಿ ಬಂದವನು. ಆದರೆ ಕಳೆದ ಸುಗ್ಗಿಯಲ್ಲಿ ಕಂಡ ಒಂದು ಸಂಗತಿ ನನ್ನನ್ನು ಸುಮ್ಮನಿರಗೊಡಲಿಲ್ಲ. ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ನಿಮ್ಮ ಮುಂದೆ ಇಡುತ್ತೇನೆ.

ರೈತರೊಬ್ಬರು ಕೊಯ್ಲಿನಲ್ಲಿ ಕುಡುಗೋಲು ತಾಗಿ ಕಾಲಿಗೆ ಗಾಯ ಮಾಡಿಕೊಂಡರು. ಗಾಯ ಕೀವಾಯಿತು, ಕಾಲು ಊದಿತು. ವೈದ್ಯರು ಗಾಯ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿ, ಏಳು ದಿನಕ್ಕೆ ಸೆಫಲೆಕ್ಸಿನ್ ಎಂಬ ಕ್ಯಾಪ್ಸೂಲ್ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಬಾವು ಇಳಿಯಿತು. "ವಾಸಿಯಾಯಿತಲ್ಲ, ಇನ್ನೇಕೆ?" ಎಂದು ಉಳಿದುದನ್ನು ಗೋಡೆಯ ಗೂಡಿನಲ್ಲಿಟ್ಟರು. ಕೆಲವು ದಿನ ಕಳೆದ ಮೇಲೆ ಪಕ್ಕದ ಮನೆಯ ಹುಡುಗನಿಗೆ ನೆಗಡಿ, ಜ್ವರ. ಪ್ರೀತಿಯಿಂದಲೇ ಒಂದು ಕ್ಯಾಪ್ಸೂಲ್ ಕೊಟ್ಟರು. ಹುಡುಗನಿಗೆ ಪೆನಿಸಿಲಿನ್ ಒಗ್ಗುವುದಿಲ್ಲವೆಂದು ತಾಯಿಗೆ ಗೊತ್ತಿತ್ತು. ಆದರೆ ಈ ಮದ್ದು ಅದರ ದಾಯಾದಿ ಎಂದು ಗೊತ್ತಿರಲಿಲ್ಲ. ಅರ್ಧ ಗಂಟೆಯೊಳಗೆ ಮೈಯೆಲ್ಲಾ ದದ್ದು ಎದ್ದಿತು, ತುಟಿ ಊದಿತು, ಉಸಿರು ಕಟ್ಟಿತು. 108ರ ವಾಹನ ಸಕಾಲಕ್ಕೆ ಬಂದುದರಿಂದ ಹುಡುಗ ಉಳಿದ. ಕೊಟ್ಟವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೂ ಒಂದು ಪ್ರಾಣ ಹೋಗುವುದರಲ್ಲಿತ್ತು.

ಈ ಮದ್ದು ಏನೆಂದು ತಿಳಿಯೋಣ. 1945ರಲ್ಲಿ ಇಟಲಿ ದೇಶದ ಸಾರ್ಡೀನಿಯಾ ದ್ವೀಪದಲ್ಲಿ ಬ್ರೋಟ್ಸು ಎಂಬ ವಿಜ್ಞಾನಿ, ಚರಂಡಿ ನೀರು ಸಮುದ್ರ ಸೇರುವ ಕಡೆಯಲ್ಲಿ ಒಂದು ಬೂಷ್ಟನ್ನು ಕಂಡರು. ಅದು ರೋಗಾಣುಗಳನ್ನು ಅಡಗಿಸುತ್ತಿತ್ತು. ಮುಂದೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಅದರ ಸಾರವನ್ನು ಬೇರ್ಪಡಿಸಿದರು. ಆ ವಂಶದ ಮದ್ದುಗಳಿಗೆ ಸೆಫಲೊಸ್ಪೊರಿನ್ ಎಂದು ಹೆಸರು. ಸೆಫಲೆಕ್ಸಿನ್ ಅವುಗಳಲ್ಲಿ ಒಂದು. ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗೆ ಸುತ್ತಲೂ ಒಂದು ಗೋಡೆಯುಂಟು. ಆ ಗೋಡೆಯನ್ನು ಕಟ್ಟಗೊಡದೆ ಈ ಮದ್ದು ಅದನ್ನು ಕೊಲ್ಲುತ್ತದೆ. ಚರ್ಮದ ಕೀವು, ಕೆಲವು ಗಂಟಲು ಬೇನೆ, ಮೂತ್ರದ ಸೋಂಕು ಇವುಗಳಿಗೆ ವೈದ್ಯರು ಇದನ್ನು ಕೊಡುವುದುಂಟು. ನೆಗಡಿ, ಫ್ಲೂ ಜ್ವರಗಳು ವೈರಸ್‌ನಿಂದ ಬರತಕ್ಕವು. ವೈರಸ್‌ಗೆ ಅಂಥ ಗೋಡೆಯೇ ಇಲ್ಲ. ಆದುದರಿಂದ ನೆಗಡಿಗೆ ಈ ಮದ್ದಿನಿಂದ ಕಾಸಿನ ಪ್ರಯೋಜನವಿಲ್ಲ.

ಇನ್ನು ಪಾಲಿಸಬೇಕಾದ ನಿಯಮಗಳು.

ಒಂದನೆಯದು: ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದು. ಇಂಥ ಮದ್ದಿನ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಕೆಂಪು ಗೆರೆ ಕಂಡರೆ 'ವೈದ್ಯರನ್ನು ಕೇಳು' ಎಂದು ಅರ್ಥ ಮಾಡಿಕೊಳ್ಳಿ.

ಎರಡನೆಯದು: ಹಿಂದೆ ಪೆನಿಸಿಲಿನ್, ಅಮಾಕ್ಸಿಸಿಲಿನ್ ಅಥವಾ ಬೇರೆ ಮದ್ದಿನಿಂದ ದದ್ದು, ಊತ, ಉಬ್ಬಸ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮೂತ್ರಪಿಂಡದ ಕಾಯಿಲೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ಬಸುರಿಯಾಗಿದ್ದರೆ ಅದನ್ನೂ ಹೇಳಿ. ಸಂಕೋಚ ಬೇಡ.

ಮೂರನೆಯದು: ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ ನುಂಗಬೇಕು. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತುದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬಾರದು.

ನಾಲ್ಕನೆಯದು: ಹೊಟ್ಟೆ ತೊಳಸುವುದು, ಸ್ವಲ್ಪ ಭೇದಿ ಆಗುವುದುಂಟು. ಊಟದ ಜೊತೆ ನುಂಗಿದರೆ ಹೊಟ್ಟೆಗೆ ಹಿತ. ಆದರೆ ನೀರಾಗಿ ಬಿಡದೆ ಭೇದಿಯಾದರೆ, ಅದರಲ್ಲಿ ರಕ್ತ ಕಂಡರೆ, ಮದ್ದು ಮುಗಿದು ವಾರಗಳಾಗಿದ್ದರೂ ಆಸ್ಪತ್ರೆಗೆ ಹೋಗಿ. ಮೈಯಲ್ಲಿ ದದ್ದು ಎದ್ದರೆ ಮದ್ದು ನಿಲ್ಲಿಸಿ ವೈದ್ಯರನ್ನು ಕಾಣಿ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ.

ಐದನೆಯದು: ಮಕ್ಕಳ ಪುಡಿ ಮದ್ದಿಗೆ ಕುದಿಸಿ ಆರಿಸಿದ ನೀರನ್ನು ಸೀಸೆಯ ಗೆರೆಯವರೆಗೆ ಹಾಕಿ, ಪ್ರತಿ ಸಲವೂ ಚೆನ್ನಾಗಿ ಅಲ್ಲಾಡಿಸಿ, ಅಳತೆಯ ಮುಚ್ಚಳದಲ್ಲೇ ಕೊಡಿ. ಕಲಸಿದ ಮೇಲೆ ಎಷ್ಟು ದಿನ, ಎಲ್ಲಿ ಇಡಬಹುದೆಂದು ಅಂಗಡಿಯಲ್ಲೇ ಕೇಳಿ. ಅವಧಿ ಮೀರಿದುದನ್ನು ಕೊಡಬಾರದು.

ಆರನೆಯದು: ಗಾಯವಾದ ಕೂಡಲೇ ಸಾಬೂನು ಹಾಕಿ ಶುದ್ಧ ನೀರಿನಲ್ಲಿ ತೊಳೆಯಿರಿ. ಸಗಣಿ, ಕಾಫಿಪುಡಿ, ಮಣ್ಣು ಮೆತ್ತಬೇಡಿ. ಮಾತ್ರೆ ನುಂಗಿದೆವೆಂದು ಧನುರ್ವಾಯುವಿನ ಚುಚ್ಚುಮದ್ದನ್ನು ಬಿಡಬೇಡಿ.

ಮದ್ದನ್ನು ಬೇಕಾಬಿಟ್ಟಿ ನುಂಗಿದರೆ ಏನಾಗುತ್ತದೆ? ಇದನ್ನು ರೈತನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಒಂದೇ ಕೀಟನಾಶಕವನ್ನು ವರ್ಷವರ್ಷವೂ ಹೊಡೆದರೆ ಏನಾಗುತ್ತದೆಂದು ನೀವೇ ಬಲ್ಲಿರಿ. ಸಾಯುವ ಹುಳು ಸಾಯುತ್ತದೆ. ತಾಳಿಕೊಂಡ ಹುಳು ಉಳಿದು, ಅದರ ಸಂತಾನವೇ ಹೊಲ ತುಂಬುತ್ತದೆ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯನ್ನು ಗುಲಾಬಿ ಕಾಯಿಕೊರಕ ಜೀರ್ಣಿಸಿಕೊಂಡುದನ್ನು ಹತ್ತಿ ಬೆಳೆಗಾರರು ಕಣ್ಣಾರೆ ಕಂಡಿದ್ದಾರೆ. ರೋಗಾಣುವಿನ ಕಥೆಯೂ ಹೀಗೆಯೇ. ಬೇಡದ ಕಡೆ, ಅರೆಬರೆಯಾಗಿ ಬಳಸಿದಷ್ಟೂ ಮದ್ದಿಗೆ ಬಗ್ಗದ ರೋಗಾಣು ಹೆಚ್ಚುತ್ತದೆ. ಹೊಲದಲ್ಲಾದರೆ ಒಂದು ಬೆಳೆ ಹೋದೀತು, ಮುಂದಿನ ವರ್ಷ ಮತ್ತೆ ಬಿತ್ತಬಹುದು. ಇಲ್ಲಿ ಹೋಗುವುದು ಮನೆಯ ಮನುಷ್ಯ.

ದನಗಳ ವಿಷಯ ಒಂದು ಮಾತು. ಕೆಚ್ಚಲು ಬಾವಿಗೆ ಪಶುವೈದ್ಯರು ಇದೇ ವಂಶದ ಮದ್ದನ್ನು ಕೊಡುವುದುಂಟು. ಆಗ "ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು?" ಎಂದು ತಪ್ಪದೆ ಕೇಳಿ. ಅಂಥ ಹಾಲಿನಲ್ಲಿ ಮದ್ದಿನ ಅಂಶ ಉಳಿದಿದ್ದರೆ ಮೊಸರು ಸರಿಯಾಗಿ ಹೆಪ್ಪುಗಟ್ಟದು. ಕಾಯಿಸಿದರೂ ಆ ಅಂಶ ಪೂರ್ತಿ ಹೋಗದು. ಒಗ್ಗದವರು ಕುಡಿದರೆ ತೊಂದರೆಯೂ ಆದೀತು. ನಿಮ್ಮ ಮಾತ್ರೆಯನ್ನು ನೀವೇ ದನಕ್ಕೆ ತಿನ್ನಿಸುವುದಂತೂ ಕೂಡದು.

ತಾಯಂದಿರೇ, ಇವೊತ್ತು ಮನೆಗೆ ಹೋದ ಮೇಲೆ ಗೂಡನ್ನೊಮ್ಮೆ ನೋಡಿ. ಹಳೆಯ ಮಾತ್ರೆಗಳಿದ್ದರೆ ಯಾರಿಗೂ ಕೊಡಬೇಡಿ, ತಿಪ್ಪೆಗೂ ಕೆರೆಗೂ ಎಸೆಯಬೇಡಿ. ಆಶಾ ಕಾರ್ಯಕರ್ತೆಯನ್ನಾಗಲಿ, ಆರೋಗ್ಯ ಕೇಂದ್ರದಲ್ಲಾಗಲಿ ಕೇಳಿ, ಅವರು ಹೇಳಿದಂತೆ ಮಾಡಿ. ನೆರೆಯವರಿಗೆ ಕಾಯಿಲೆಯಾದರೆ ಮಾತ್ರೆ ಹಂಚಬೇಡಿ. ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಅದೇ ನಿಜವಾದ ನೆರೆಹೊರೆಯ ಧರ್ಮ.