ಹೊಳೆಯ ಪರಿಚಯ



ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆ ಎಂದರೆ ಮಹಾಬಳೇಶ್ವರ ಎನ್ನುತ್ತೀರಿ. ಪರೀಕ್ಷೆಗೆ ಅಷ್ಟು ಸಾಕು, ಬದುಕಿಗೆ ಸಾಲದು. ಕರಾಡದಲ್ಲಿ ಕೊಯ್ನಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡಿಕೊಂಡು ಕೃಷ್ಣೆ ನಮ್ಮ ಚಿಕ್ಕೋಡಿ ಸೀಮೆಗೆ ಬರುತ್ತಾಳೆ. ಇಲ್ಲಿ ದೂಧಗಂಗೆ ಸೇರುತ್ತಾಳೆ. ದಂಡೆಯ ಊರುಗಳಲ್ಲಿ ಕುಡಿಯಲಿಕ್ಕೂ ಕಬ್ಬಿಗೂ ದನದ ಮೈ ತೊಳೆಯಲಿಕ್ಕೂ ಅದೇ ನೀರು. ಯಡೂರಿನ ವೀರಭದ್ರನ ಭಕ್ತರು ಮೀಯುವುದೂ ಅದರಲ್ಲೇ.

2019ರ ಆಗಸ್ಟ್‌ನಲ್ಲಿ ಇದೇ ಹೊಳೆ ಊರುಗಳಿಗೆ ನುಗ್ಗಿತು. ಬೇಸಿಗೆಯಲ್ಲಿ ಬತ್ತಿದರೆ, ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳುತ್ತೇವೆ. ಆದರೆ ಅಥಣಿ, ಜಮಖಂಡಿಯವರಿಗೆ ನಾವೇ ಮೇಲಿನವರು. ನಾವು ಎತ್ತಿದಷ್ಟು ಅವರಿಗೆ ಕಡಿಮೆ. ನಾವು ಕೆಡಿಸಿದ್ದು ಅವರ ಕೊಡಕ್ಕೆ.

ಬಿ.ಇ. ಓದಿ ಕಂಪ್ಯೂಟರ್ ಕೆಲಸ ಮಾಡುವವನು ನಾನು. ಏನೇ ಕೆಟ್ಟರೂ ನಾವು ಮೊದಲು ನೋಡುವುದು ಎರಡನ್ನೇ: ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ. ಮಕ್ಕಳೆ, ನಿಮ್ಮ ಮನೆಯ ನಳದ ನೀರಿನ ಬಗ್ಗೆ, ಓಣಿಯ ಗಟಾರದ ಬಗ್ಗೆ ಇದನ್ನೇ ಕೇಳಿ, ವಹಿಯಲ್ಲಿ ಬರೆದಿಡಿ. ಗುರುಗಳೆ, ವರ್ಷಕ್ಕೊಮ್ಮೆ, ನೀರು ಇಳಿದ ಮೇಲೆ, ಇವರನ್ನು ದಂಡೆಗೆ ಕರೆದೊಯ್ಯಿರಿ. ನಕ್ಷೆಯ ನೀಲಿ ಗೆರೆ ಅಲ್ಲಿ ನಮ್ಮ ಹೊಳೆಯಾಗುತ್ತದೆ.