ವಿಳಾಸವಿಲ್ಲದ ಹುಡುಗ

ಶಾಲೆಗೆ ಮಗುವೊಂದು ಸೇರಲು ಬಂದಾಗ ನಾವು ಉಪಾಧ್ಯಾಯರು ಮೊದಲು ಕೇಳುವುದು ಮೂರೇ ಸಂಗತಿ: ಹೆಸರೇನು, ತಂದೆತಾಯಿ ಯಾರು, ಮನೆ ಎಲ್ಲಿ. ಇಷ್ಟು ಬರೆದುಕೊಂಡರೆ ಆ ಮಗು ಲೋಕದ ಲೆಕ್ಕಕ್ಕೆ ಬಂದಂತೆ. ಈ ಮೂರೂ ಒಂದೊಂದಾಗಿ ಕಳಚಿಹೋದ ಹುಡುಗನೊಬ್ಬನ ಕಥೆ, 1988ರಲ್ಲಿ ತೆರೆಗೆ ಬಂದ ‘ಸಲಾಂ ಬಾಂಬೆ’ ಎಂಬ ಹಿಂದೀ ಚಿತ್ರ. ಆ ಚಿತ್ರವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಇದನ್ನು ನಿರ್ದೇಶಿಸಿದವರು ಮೀರಾ ನಾಯರ್. ಚಿತ್ರಕಥೆ ಸೂನಿ ತಾರಾಪೊರೆವಾಲಾ ಅವರದು. ಸಂಗೀತ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರದು. ದೊಡ್ಡ ಸ್ಟುಡಿಯೋಗಳ ಆಸರೆಯಿಲ್ಲದೆ, ಹಲವು ಕಡೆಯಿಂದ ಹಣ ಕೂಡಿಸಿ, ಮುಂಬಯಿಯ ನಿಜವಾದ ಬೀದಿಗಳಲ್ಲೇ ತೆಗೆದ ಚಿತ್ರವಿದು. ಮಕ್ಕಳ ಪಾತ್ರಗಳಿಗೆ ಬೀದಿಯ ಮಕ್ಕಳನ್ನೇ ಆರಿಸಿ, ರಂಗತಜ್ಞ ಬ್ಯಾರಿ ಜಾನ್ ಅವರಿಂದ ಶಿಕ್ಷಣ ಕೊಡಿಸಿದರು. ಆದ್ದರಿಂದಲೇ ಆ ಮಕ್ಕಳ ನಡೆನುಡಿಯಲ್ಲಿ ನಟನೆಯ ಸೋಂಕಿಲ್ಲ.

ಕಥಾನಾಯಕನ ಹೆಸರು ಕೃಷ್ಣ. ಕೃಷ್ಣ ಎಂದೊಡನೆ ನಮಗೆ ಬೆಣ್ಣೆ ನೆನಪಾಗುತ್ತದೆ, ಯಶೋದೆ ನೆನಪಾಗುತ್ತಾಳೆ. ಈ ಕೃಷ್ಣನಿಗೋ ದೇವಕಿ ದೂರ, ಯಶೋದೆ ಇಲ್ಲವೇ ಇಲ್ಲ. ಅಣ್ಣನ ಮೋಟಾರು ಸೈಕಲ್ಲಿಗೆ ಬೆಂಕಿಯಿಟ್ಟ ತಪ್ಪಿಗೆ, ಐನೂರು ರೂಪಾಯಿ ಸಂಪಾದಿಸಿ ತಂದ ಹೊರತು ಮನೆಗೆ ಬರಕೂಡದೆಂಬ ಕಟ್ಟಳೆ ಅವನ ಮೇಲೆ ಬಿದ್ದಿದೆ. ಸೇರಿಕೊಂಡಿದ್ದ ಸರ್ಕಸ್ಸು ಅವನನ್ನು ಬಿಟ್ಟು ಹೊರಟುಹೋಗುತ್ತದೆ. ಹುಡುಗ ರೈಲು ಹತ್ತಿ ಮುಂಬಯಿಗೆ ಬಂದು, ವೇಶ್ಯಾವಾಟಿಕೆಯ ಮಗ್ಗುಲಿನ ಅಂಗಡಿಯೊಂದರಲ್ಲಿ ಚಹಾ ಹಂಚುವ ಕೆಲಸಕ್ಕೆ ನಿಲ್ಲುತ್ತಾನೆ. ಅಲ್ಲಿ ಅವನಿಗೆ ಹೆಸರೂ ಉಳಿಯುವುದಿಲ್ಲ. ಚಹಾ ಮತ್ತು ಪಾವು ತರುವವನಾದ್ದರಿಂದ ಎಲ್ಲರಿಗೂ ಅವನು ‘ಚಾಯ್‌ಪಾವ್’. ಕೈಯಲ್ಲಿದ್ದ ಪದಾರ್ಥವೇ ಆಳಿನ ಹೆಸರಾಯಿತು!

ಚಿತ್ರದಲ್ಲಿ ಒಂದು ಪ್ರಸಂಗವಿದೆ. ಅಕ್ಷರ ಕಲಿಸುವ ವೃತ್ತಿಯ ನನ್ನಂಥವರಿಗೆ ಅದು ಮರೆಯುವಂಥದಲ್ಲ. ಬರೆಯಲು ಬಾರದ ಕೃಷ್ಣ, ಬೀದಿಬದಿಯಲ್ಲಿ ಕುಳಿತು ಕಾಸಿಗೆ ಕಾಗದ ಬರೆದುಕೊಡುವವನ ಬಳಿ ಹೋಗಿ ತಾಯಿಗೆ ಪತ್ರ ಹೇಳಿ ಬರೆಸುತ್ತಾನೆ. ಹಣ ಕೂಡಿಸುತ್ತಿದ್ದೇನೆ, ಬರುತ್ತೇನೆ ಎಂಬುದೇ ಅದರ ತಾತ್ಪರ್ಯ. ಆದರೆ ಪೂರ್ತಿ ವಿಳಾಸ ಹೇಳಲಾರ. ತಾಯಿ ಇದ್ದಾಳೆ, ಊರಿದೆ, ಅಂಚೆಯಿದೆ. ಪತ್ರ ಮಾತ್ರ ಅವಳನ್ನು ಮುಟ್ಟುವುದಿಲ್ಲ. ಆ ಪತ್ರ ಬರೆಯುವವನ ಪಾತ್ರ ಚಿಕ್ಕದು. ಮುಂದೆ ಜಗತ್ಪ್ರಸಿದ್ಧರಾದ ಇರ್ಫಾನ್ ಖಾನ್ ಅವರು ತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ.

ಅದೇ ಕೇರಿಯಲ್ಲಿ ಬೆಳೆಯುವ ಮಂಜು ಎಂಬ ಪುಟ್ಟ ಹುಡುಗಿಗೆ ತಾಯಿಯೂ ಉಂಟು, ಮನೆಯೂ ಉಂಟು. ಆದರೆ ತಾಯಿಯ ವೃತ್ತಿಯ ಕಾರಣದಿಂದ ಸರಕಾರದ ಆಶ್ರಯಗೃಹದವರು ಮಗುವನ್ನು ಅವಳಿಗೆ ಹಿಂದಿರುಗಿಸುವುದಿಲ್ಲ. ಕೃಷ್ಣ ಬಿಡಿಗಾಸು ಸೇರಿಸಿ ಕೂಡಿಟ್ಟ ಹಣವನ್ನು, ಮಾದಕ ವಸ್ತುವಿಗೆ ದಾಸನಾದ ಗೆಳೆಯ ಚಿಲ್ಲಂ ಕದ್ದು ಕಳೆಯುತ್ತಾನೆ. ಕೊನೆಗೆ ಗಣೇಶೋತ್ಸವದ ಜನಸಾಗರದಲ್ಲಿ ಜತೆಗಿದ್ದವಳ ಕೈಯೂ ತಪ್ಪಿ, ಹುಡುಗ ಒಬ್ಬನೇ ಬುಗುರಿ ಹಿಡಿದು ಕೂರುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ‘ಅಯ್ಯೋ ಪಾಪ’ ಎಂದು ಕಣ್ಣೊರಸಿಕೊಂಡು ಎದ್ದುಹೋಗುವ ಸೌಕರ್ಯವನ್ನು ಅದು ನಮಗೆ ಕೊಡುವುದಿಲ್ಲ. ಇನ್ನೇನು ಮಾಡುತ್ತಾನೆ ಈ ಹುಡುಗ ಎಂಬ ಪ್ರಶ್ನೆ ನಮ್ಮ ಜತೆಗೇ ಮನೆಗೆ ಬರುತ್ತದೆ.

ಕ್ಯಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ‘ಕ್ಯಾಮೆರಾ ದೋರ್’ ಇದಕ್ಕೆ ದೊರೆಯಿತು; ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಯನ್ನೂ ಏರಿತು. ಕೃಷ್ಣನಾಗಿ ಅಭಿನಯಿಸಿದ ಶಫೀಕ್ ಸೈಯದ್ ನಮ್ಮ ಬೆಂಗಳೂರಿನವರೇ. ಬಾಲ್ಯದಲ್ಲಿ ಮನೆಬಿಟ್ಟು ಮುಂಬಯಿಗೆ ಓಡಿಹೋಗಿದ್ದ ಆ ಹುಡುಗನಿಗೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಚಿತ್ರರಂಗದಲ್ಲಿ ನೆಲೆ ಸಿಗಲಿಲ್ಲ. ಬೆಂಗಳೂರಿಗೆ ಮರಳಿ ಆಟೋರಿಕ್ಷಾ ಓಡಿಸಿ ಸಂಸಾರ ಸಾಗಿಸಿದರು. ಅದು ಗೌರವದ ದುಡಿಮೆಯೇ, ಸಂದೇಹವಿಲ್ಲ. ಆದರೆ ಚಪ್ಪಾಳೆಯ ಆಯುಷ್ಯ ಎಷ್ಟು ಕಿರಿದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದೃಷ್ಟಾಂತ ಬೇಕಿಲ್ಲ. ಚಿತ್ರ ತಯಾರಿಸಿದವರಿಗೂ ಇದರ ಅರಿವಿತ್ತೆಂದು ತೋರುತ್ತದೆ. ಅದೇ 1988ರಲ್ಲಿ ‘ಸಲಾಂ ಬಾಲಕ್ ಟ್ರಸ್ಟ್’ ಹುಟ್ಟಿ, ಮುಂಬಯಿ ದೆಹಲಿಗಳ ಬೀದಿ ಮಕ್ಕಳಿಗೆ ಊಟ, ವಸತಿ, ಪಾಠಗಳ ಏರ್ಪಾಟು ಮಾಡಿತು.

ಕಾನೂನು ಆಮೇಲೆ ಬಹಳ ಮುಂದೆ ಬಂದಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ಶಾಲೆಯ ಬಾಗಿಲು ತೆರೆಯಿತು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ತೊಂದರೆಯಲ್ಲಿರುವ ಮಗುವನ್ನು ಕಂಡರೆ ತಿಳಿಸಲು 1098 ಎಂಬ ದೂರವಾಣಿ ಸಂಖ್ಯೆಯಿದೆ. ಆದರೆ ಕಾನೂನು ಮಗುವನ್ನು ಹೆಸರು ಹಿಡಿದು ಕೂಗಲಾರದು. ಅದು ಮನುಷ್ಯರ ಕೆಲಸ. ಹೋಟೆಲಿನಲ್ಲಿ ಲೋಟ ತೊಳೆಯುವವನನ್ನೂ, ಸಂತೆಯಲ್ಲಿ ಚೀಲ ಹೊರುವವನನ್ನೂ ನಾವು ‘ಏ ಹುಡುಗಾ’ ಎಂದು ಕರೆದು, ಕೆಲಸವಾದ ಮೇಲೆ ಮರೆಯುತ್ತೇವೆ. ‘ನಿನ್ನ ಹೆಸರೇನಪ್ಪಾ, ಯಾವ ಊರು, ಶಾಲೆಗೆ ಹೋಗುತ್ತೀಯಾ?’ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ. ಉತ್ತರ ಬಂದ ಮೇಲೆ ಸುಮ್ಮನಿರುವುದು ಮಾತ್ರ ಕಷ್ಟ. ಆ ಕಷ್ಟ ನಮಗೆ ಬಂದರೆ ಒಳ್ಳೆಯದೇ.