ಹಸುಗೂಸಿನ ರಕ್ತ ಕೊಟ್ಟ ಸುಳಿವು

2023ರ ನವೆಂಬರ್ 16ರಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಕ್ಯಾಸ್‌ಜೆವಿ ಎಂಬ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಕ್ರಿಸ್ಪರ್ ತಂತ್ರದಿಂದ ಮನುಷ್ಯನ ಜೀನನ್ನು ತಿದ್ದುವ ಚಿಕಿತ್ಸೆಗೆ ಜಗತ್ತಿನಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ಮೂರು ವಾರ ಕಳೆದು, ಡಿಸೆಂಬರ್ 8ರಂದು, ಅಮೆರಿಕವೂ ಒಪ್ಪಿತು. ಈ ಚಿಕಿತ್ಸೆ ಮೊದಲು ಕೈಹಾಕಿದ ಕಾಯಿಲೆಗಳಲ್ಲಿ ಒಂದು ಕುಡುಗೋಲು ಕಣದ ರಕ್ತಹೀನತೆ. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಸಿಕಲ್ ಸೆಲ್ ಎಂದೇ ಕರೆಯುತ್ತಾರೆ. ಆಫ್ರಿಕಾದಲ್ಲಿ, ಅಮೆರಿಕದ ಕರಿಯ ಜನರಲ್ಲಿ, ಮಧ್ಯ ಭಾರತದ ಆದಿವಾಸಿಗಳಲ್ಲಿ ಈ ಕಾಯಿಲೆ ಬಹಳ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿ ಪೋಡುಗಳಲ್ಲೂ ಇದೆ.

ಈ ಕಾಯಿಲೆಯ ಅರಿವು ಹೇಗೆ ಬೆಳೆಯಿತು, ಮದ್ದು ಹೇಗೆ ಹುಟ್ಟಿತು ಎಂಬ ಕಥೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಈ ಕಥೆಯ ಎರಡು ಮಾತುಗಳು ನನಗೆ ಬಹಳ ಮುಖ್ಯ. ಇಷ್ಟು ದೊಡ್ಡ ಚಿಕಿತ್ಸೆಗೆ ದಾರಿ ತೋರಿಸಿದ್ದು ಒಬ್ಬ ಮಕ್ಕಳ ವೈದ್ಯೆ ಹಸುಗೂಸುಗಳಲ್ಲಿ ಗಮನಿಸಿದ ಒಂದು ಸಣ್ಣ ಸಂಗತಿ. ಇನ್ನೊಂದು, ವಿಜ್ಞಾನ ಪ್ರತಿ ಸಲ ಕಂಡುಕೊಂಡದ್ದು ರೋಗಿಯ ಮನೆ ಬಾಗಿಲಿಗೆ ಬರಲು ವಿಪರೀತ ತಡವಾಗಿದೆ.

ಮೊದಲಿನಿಂದ ಬರೋಣ. 1904ರ ಕೊನೆಯಲ್ಲಿ ಅಮೆರಿಕದ ಶಿಕಾಗೋ ನಗರದ ಆಸ್ಪತ್ರೆಗೆ ಒಬ್ಬ ತರುಣ ಬಂದ. ಕೆರಿಬಿಯನ್ ದ್ವೀಪ ಗ್ರೆನಡಾದವನು, ದಂತವೈದ್ಯ ವಿದ್ಯಾರ್ಥಿ, ಹೆಸರು ವಾಲ್ಟರ್ ಕ್ಲೆಮೆಂಟ್ ನೋಯೆಲ್. ಅವನ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡಿದ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್‌ಗೆ ದುಂಡಗಿರಬೇಕಾದ ಕೆಂಪು ಕಣಗಳ ನಡುವೆ ಉದ್ದುದ್ದವಾಗಿ, ಕುಡುಗೋಲಿನಂತೆ ಬಾಗಿದ ಕಣಗಳು ಕಂಡವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ ಅದನ್ನು 1910ರಲ್ಲಿ ಪ್ರಕಟಿಸಿದರು. ನೋಯೆಲ್ ಓದು ಮುಗಿಸಿ ಊರಿಗೆ ಮರಳಿ ದಂತವೈದ್ಯನಾಗಿ ದುಡಿದ. 1916ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಆಗ ಅವನಿಗೆ ಕೇವಲ 32 ವರ್ಷ.

ಈ ಕಾಯಿಲೆಯಲ್ಲಿ ಆಗುವುದೇನು? ಕೆಂಪು ರಕ್ತಕಣದ ಒಳಗೆ ತುಂಬಿರುವುದು ಹಿಮೋಗ್ಲೋಬಿನ್. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಯ ಮೂಲೆ ಮೂಲೆಗೂ ಮುಟ್ಟಿಸುವುದು ಅದರ ಕೆಲಸ. ಸಿಕಲ್ ಸೆಲ್ ಇರುವವರ ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಒಂದಕ್ಕೊಂದು ಅಂಟಿಕೊಂಡು ಎಳೆಯಾಗುತ್ತದೆ, ಕಣ ಬಾಗಿ ಗಡುಸಾಗುತ್ತದೆ. ಗದ್ದೆಗೆ ನೀರು ಹಾಯಿಸುವ ಕಾಲುವೆಗೆ ಕಸಕಡ್ಡಿ ಸಿಕ್ಕಿಕೊಂಡಂತೆ ಈ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತವೆ. ಮುಂದಿನ ಭಾಗಕ್ಕೆ ರಕ್ತ ಹೋಗುವುದಿಲ್ಲ. ಆಗ ಹುಟ್ಟುವ ನೋವು ಮೂಳೆಯೊಳಗಿಂದ ಬರುವ, ತಡೆಯಲಾಗದ ನೋವು. ಆರೋಗ್ಯವಂತರ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಈ ಕಣಗಳು ಹತ್ತಿಪ್ಪತ್ತು ದಿನಕ್ಕೇ ಒಡೆದುಹೋಗುತ್ತವೆ. ರಕ್ತಹೀನತೆ, ಕಾಮಾಲೆ, ಮತ್ತೆ ಮತ್ತೆ ಬರುವ ಸೋಂಕು, ಕೆಲವು ಮಕ್ಕಳಿಗೆ ಎಳೆವಯಸ್ಸಿನಲ್ಲೇ ಪಾರ್ಶ್ವವಾಯು, ಇವೆಲ್ಲ ಅದರ ಬೆನ್ನಿಗೇ ಬರುತ್ತವೆ.

1940ರ ದಶಕದ ಕೊನೆಗೆ ಈ ಕಾಯಿಲೆಯ ತಿಳಿವಳಿಕೆ ದಾಪುಗಾಲು ಹಾಕಿತು. 1949ರಲ್ಲಿ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಅವರ ಜೊತೆಗಾರರಾದ ಹಾರ್ವೆ ಇಟಾನೊ ಮೊದಲಾದವರು ರೋಗಿಗಳ ಹಿಮೋಗ್ಲೋಬಿನ್ ಅನ್ನು ವಿದ್ಯುತ್ ಕ್ಷೇತ್ರದಲ್ಲಿ ಹರಿಯಬಿಟ್ಟರು. ಅದು ಬೇರೆಯವರ ಹಿಮೋಗ್ಲೋಬಿನ್‌ಗಿಂತ ಬೇರೆ ವೇಗದಲ್ಲಿ ಸಾಗಿತು. ಒಂದು ಕಾಯಿಲೆಯ ಮೂಲ ಒಂದು ಅಣುವಿನ ದೋಷದಲ್ಲಿದೆ ಎಂದು ಮನುಷ್ಯ ಮೊದಲ ಬಾರಿ ಕಂಡದ್ದು ಆಗ. ಅದೇ ವರ್ಷ ಜೇಮ್ಸ್ ನೀಲ್ ಇದು ವಂಶದಲ್ಲಿ ಹರಿದುಬರುವ ರೀತಿಯನ್ನು ಸ್ಪಷ್ಟಪಡಿಸಿದರು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಒಂದೇ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. 1950ರ ದಶಕದ ನಡುವೆ ಕೇಂಬ್ರಿಡ್ಜ್‌ನ ವರ್ನನ್ ಇಂಗ್ರಾಮ್ ದೋಷದ ಜಾಗವನ್ನೇ ಹಿಡಿದರು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿರುವ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಮಾತ್ರ ಬದಲಾಗಿದೆ, ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವೇಲಿನ್ ಕುಳಿತಿದೆ. ಅಷ್ಟೇ ವ್ಯತ್ಯಾಸ. ಒಂದು ಬದುಕನ್ನು ನೋವಿಗೆ ದೂಡಲು ಅಷ್ಟು ಸಾಕು.

ಇಷ್ಟು ಅಪಾಯದ ಜೀನ್ ಅಳಿದುಹೋಗದೆ ಇಷ್ಟೊಂದು ಜನರಲ್ಲಿ ಉಳಿದದ್ದು ಹೇಗೆ? 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಉತ್ತರ ಕಂಡುಕೊಂಡರು. ಕೆಟ್ಟ ಜೀನಿನ ಒಂದೇ ಪ್ರತಿ ಇರುವವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಇದ್ದ ಕಾಡುಸೀಮೆಗಳಲ್ಲಿ ಈ ಜೀನ್ ಉಳಿದು ಬೆಳೆದದ್ದು ಅದರಿಂದ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದೇ ಲಕ್ಷಣವನ್ನು ಗುರುತಿಸಿದ್ದರು. ಆಫ್ರಿಕಾದ ಕಾಯಿಲೆ ಎಂದೇ ಎಣಿಸಿದ್ದ ಇದು ಭಾರತದಲ್ಲೂ ಇದೆ ಎಂದು ವೈದ್ಯಲೋಕಕ್ಕೆ ಗೊತ್ತಾಯಿತು.

ನಾನು ಆಗಲೇ ಹೇಳಿದ ಮಕ್ಕಳ ವೈದ್ಯೆ ಬರುವುದು ಇಲ್ಲಿ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾನೆಟ್ ವಾಟ್ಸನ್ 1948ರಲ್ಲಿ ಒಂದು ಸಂಗತಿಯನ್ನು ಬರೆದಿಟ್ಟರು. ಈ ಜೀನ್ ಹೊತ್ತು ಹುಟ್ಟಿದ ಹಸುಗೂಸುಗಳ ರಕ್ತದಲ್ಲಿ ಬಾಗುವ ಕಣಗಳು ತೀರಾ ಕಡಿಮೆ. ಮೊದಲ ತಿಂಗಳುಗಳಲ್ಲಿ ಮಗು ಚೆನ್ನಾಗಿಯೇ ಇರುತ್ತದೆ, ಆಮೇಲೆ ಕಾಯಿಲೆ ತಲೆಯೆತ್ತುತ್ತದೆ. ತಾಯಿಯ ಗರ್ಭದಲ್ಲಿರುವಾಗ ಮಗು ಬೇರೊಂದು ಬಗೆಯ ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ, ಅದು ಭ್ರೂಣದ ಹಿಮೋಗ್ಲೋಬಿನ್. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಅದು ಇಳಿದು ದೊಡ್ಡವರ ಹಿಮೋಗ್ಲೋಬಿನ್ ಆ ಜಾಗಕ್ಕೆ ಬರುತ್ತದೆ. ಮಗುವನ್ನು ಕಾಪಾಡುತ್ತಿರುವುದು ಈ ಭ್ರೂಣದ ಹಿಮೋಗ್ಲೋಬಿನ್ ಇರಬೇಕು ಎಂದು ವಾಟ್ಸನ್ ಊಹಿಸಿದರು. ಊಹೆ ಸರಿಯಾಗಿತ್ತು. ಸೌದಿ ಅರೇಬಿಯಾದ ಪೂರ್ವ ಭಾಗದಲ್ಲಿ ಮತ್ತು ಭಾರತದಲ್ಲಿ ಎಷ್ಟೋ ರೋಗಿಗಳಿಗೆ ದೊಡ್ಡವರಾದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚೇ ಇರುತ್ತದೆ, ಅಂಥವರಲ್ಲಿ ಕಾಯಿಲೆಯ ಉಪಟಳ ಸ್ವಲ್ಪ ಕಡಿಮೆ ಎಂದು ಮುಂದೆ ಕಂಡುಬಂತು.

ಹಾಗಾದರೆ ನಿಂತುಹೋದ ಆ ಹಿಮೋಗ್ಲೋಬಿನ್ ಅನ್ನು ಮತ್ತೆ ಹುಟ್ಟಿಸಬಹುದೇ? ವಾಟ್ಸನ್ ಬರೆದ ಮೂವತ್ತು ವರ್ಷದ ಮೇಲೂ ಇದಕ್ಕೆ ಉತ್ತರ ಇರಲಿಲ್ಲ. 1982ರಲ್ಲಿ ಬಬೂನ್ ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ ಕ್ಯಾನ್ಸರಿನ ಒಂದು ಔಷಧದಿಂದ ಭ್ರೂಣದ ಹಿಮೋಗ್ಲೋಬಿನ್ ಏರಿತು. ಅದಕ್ಕಿಂತ ಸೌಮ್ಯವಾದ ಔಷಧ ಹುಡುಕಿದಾಗ ಸಿಕ್ಕಿದ್ದು ಹೈಡ್ರಾಕ್ಸಿಯೂರಿಯಾ. 1869ರಲ್ಲೇ ಜರ್ಮನಿಯಲ್ಲಿ ತಯಾರಾಗಿದ್ದ, ರಕ್ತದ ಕ್ಯಾನ್ಸರಿಗೆ ಬಳಕೆಯಲ್ಲಿದ್ದ ಹಳೆಯ ವಸ್ತು. 1984ರಲ್ಲಿ ಓರಾ ಪ್ಲಾಟ್ ಮತ್ತು ಸಹೋದ್ಯೋಗಿಗಳು ಅದನ್ನು ಸಿಕಲ್ ಸೆಲ್ ರೋಗಿಗಳಿಗೆ ಕೊಟ್ಟು ನೋಡಿದರು, ಭ್ರೂಣದ ಹಿಮೋಗ್ಲೋಬಿನ್ ಏರಿತು. ಆಮೇಲೆ ದೊಡ್ಡ ಪ್ರಮಾಣದ ಪರೀಕ್ಷೆ. 299 ವಯಸ್ಕ ರೋಗಿಗಳಲ್ಲಿ ಕೆಲವರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ವೈದ್ಯರಿಗೂ ಗೊತ್ತಿಲ್ಲ, ರೋಗಿಗಳಿಗೂ ಗೊತ್ತಿಲ್ಲ. ಔಷಧವಿಲ್ಲದ ಗುಳಿಗೆ ನುಂಗಿದವರಿಗೆ ವರ್ಷಕ್ಕೆ ಸುಮಾರು 4.5 ಸಲ ನೋವು ಬಂದರೆ ಔಷಧ ತೆಗೆದುಕೊಂಡವರಿಗೆ 2.5 ಸಲ ಮಾತ್ರ ಬಂತು. ಫಲ ಅಷ್ಟು ಸ್ಪಷ್ಟವಾಗಿದ್ದರಿಂದ 1995ರಲ್ಲಿ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಈ ನಡುವೆ ಇನ್ನೊಂದು ಸರಳ ಉಪಾಯ ಸಾವಿರಾರು ಮಕ್ಕಳ ಜೀವ ಉಳಿಸಿತು. ಸಿಕಲ್ ಸೆಲ್ ಇರುವ ಪುಟ್ಟ ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದುದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ. ದಿನಕ್ಕೆರಡು ಸಲ ಪೆನಿಸಿಲಿನ್ ಕೊಟ್ಟರೆ ಆ ಸೋಂಕು ಶೇ. 84ರಷ್ಟು ತಗ್ಗುತ್ತದೆ ಎಂದು 1986ರಲ್ಲಿ 215 ಮಕ್ಕಳ ಪರೀಕ್ಷೆ ತೋರಿಸಿಕೊಟ್ಟಿತು. ಆದರೆ ಕಾಯಿಲೆ ಇದೆ ಎಂದು ಮೊದಲೇ ಗೊತ್ತಾದರೆ ತಾನೇ ಪೆನಿಸಿಲಿನ್ ಕೊಡುವುದು? ಹುಟ್ಟಿದ ಕೂಡಲೇ ಮಗುವಿನ ರಕ್ತ ಪರೀಕ್ಷೆ ಮಾಡುವ ಪದ್ಧತಿ ಅಮೆರಿಕದಲ್ಲಿ ಹಬ್ಬಿದ್ದು ಇದರ ಫಲವಾಗಿ. ಪೆನಿಸಿಲಿನ್ ಆಗ ಹೊಸ ಔಷಧವೇನೂ ಆಗಿರಲಿಲ್ಲ, ನಾಲ್ಕು ದಶಕದಿಂದ ಬಳಕೆಯಲ್ಲಿತ್ತು.

ಕಾಯಿಲೆಯನ್ನು ಬೇರುಸಹಿತ ಕೀಳಲು 1980ರ ದಶಕದಿಂದ ಇದ್ದ ದಾರಿ ಅಸ್ಥಿಮಜ್ಜೆಯ ಕಸಿ. ಆದರೆ ಹೊಂದುವ ಮಜ್ಜೆ ಒಡಹುಟ್ಟಿದವರಲ್ಲಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೆಚ್ಚಿನವರಿಗೆ ಆ ಬಾಗಿಲು ತೆರೆಯಲೇ ಇಲ್ಲ.

2007-08ರ ಹೊತ್ತಿಗೆ ವಾಟ್ಸನ್ ಕೊಟ್ಟ ಸುಳಿವಿಗೆ ಮತ್ತೆ ಜೀವ ಬಂತು. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿರುವವರ ಮತ್ತು ಕಡಿಮೆ ಇರುವವರ ಜೀನುಗಳನ್ನು ಹೋಲಿಸಿದಾಗ ಬಿಸಿಎಲ್11ಎ ಎಂಬ ಜೀನ್ ಎದ್ದು ಕಂಡಿತು. ಬಾಸ್ಟನ್‌ನ ಸ್ಟುವರ್ಟ್ ಆರ್ಕಿನ್ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ವಿಜಯ್ ಶಂಕರನ್ 2008ರಲ್ಲಿ ಅದರ ಕೆಲಸ ಏನೆಂದು ತೋರಿಸಿದರು. ಭ್ರೂಣದ ಹಿಮೋಗ್ಲೋಬಿನ್ ತಯಾರಿಯನ್ನು ಅದುಮಿಡುವುದು ಈ ಜೀನೇ. 2011ರಲ್ಲಿ ಸಿಕಲ್ ಸೆಲ್ ಇರುವ ಇಲಿಗಳ ರಕ್ತಕಣಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದಾಗ ಇಲಿಗಳ ಕಾಯಿಲೆ ವಾಸಿಯಾಯಿತು. ಇನ್ನೊಂದು ತೊಡಕಿತ್ತು. ಈ ಜೀನ್ ಮಿದುಳಿಗೂ ರೋಗನಿರೋಧಕ ಕಣಗಳಿಗೂ ಬೇಕು, ಪೂರ್ತಿ ಕೆಡಿಸುವಂತಿಲ್ಲ. 2013ರಲ್ಲಿ ಡೇನಿಯಲ್ ಬಾವರ್ ಮತ್ತು ಸಂಗಡಿಗರು ಕೆಂಪು ಕಣಗಳಲ್ಲಿ ಮಾತ್ರ ಈ ಜೀನನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕನ್ನು ಗುರುತಿಸಿದರು. ಅಲ್ಲಿ ಕತ್ತರಿಸಿದರೆ ಮೈಯ ಬೇರೆ ಭಾಗಕ್ಕೆ ಆ ಜೀನಿನ ಕೊರತೆ ಆಗುವುದಿಲ್ಲ. ಕತ್ತರಿಸುವ ಸಾಧನ ಅಷ್ಟರಲ್ಲಿ ಸಿದ್ಧವಾಗಿತ್ತು. ಬ್ಯಾಕ್ಟೀರಿಯಾಗಳು ವೈರಸ್ಸಿನಿಂದ ಕಾಪಾಡಿಕೊಳ್ಳಲು ಬಳಸುವ ಕ್ರಿಸ್ಪರ್ ವ್ಯವಸ್ಥೆಯಿಂದ ಬೇಕಾದ ಜಾಗದಲ್ಲಿ ಡಿಎನ್‌ಎ ಕತ್ತರಿಸಬಹುದೆಂದು 2012ರಲ್ಲಿ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ತೋರಿಸಿದ್ದರು. 2020ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು.

2019ರ ಜುಲೈಯಲ್ಲಿ ಅಮೆರಿಕದ ಮಿಸಿಸಿಪ್ಪಿಯ ವಿಕ್ಟೋರಿಯಾ ಗ್ರೇ, ನಾಲ್ಕು ಮಕ್ಕಳ ತಾಯಿ, ನ್ಯಾಶ್‌ವಿಲ್ಲೆಯಲ್ಲಿ ಆ ಡಿಎನ್‌ಎ ತುಣುಕನ್ನು ಕ್ರಿಸ್ಪರ್‌ನಿಂದ ಕತ್ತರಿಸುವ ಚಿಕಿತ್ಸೆ, ಅಂದರೆ ಮುಂದೆ ಕ್ಯಾಸ್‌ಜೆವಿ ಎನಿಸಿದ ಚಿಕಿತ್ಸೆ, ಪಡೆದರು. ಅಮೆರಿಕದಲ್ಲಿ ಸಿಕಲ್ ಸೆಲ್‌ಗೆ ಕ್ರಿಸ್ಪರ್ ಚಿಕಿತ್ಸೆ ಪಡೆದವರಲ್ಲಿ ಅವರೇ ಮೊದಲಿಗರು. ರೋಗಿಯ ರಕ್ತದಿಂದ ಕಾಂಡಕೋಶಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಅವನ್ನು ತಿದ್ದಿ, ಪರೀಕ್ಷಿಸಿ ಮರಳಿಸಲು ತಿಂಗಳುಗಳೇ ಬೇಕು. ಆಮೇಲೆ ಬುಸಲ್ಫಾನ್ ಎಂಬ ಕಟು ಔಷಧದಿಂದ ಹಳೆಯ ಮಜ್ಜೆಯನ್ನು ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ಒಳಗೆ ಬಿಡುತ್ತಾರೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಮುಂದೆ ಮಕ್ಕಳಾಗದೆ ಹೋಗುವ ಅಪಾಯವೂ ಇದೆ. ಇಷ್ಟೆಲ್ಲ ದಾಟಿದವರಿಗೆ ಸಿಕ್ಕಿದ್ದು ದೊಡ್ಡದು. ಒಪ್ಪಿಗೆಯ ಹೊತ್ತಿಗೆ ಸಾಕಷ್ಟು ಕಾಲ ಗಮನದಲ್ಲಿಟ್ಟಿದ್ದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ಆ ಘೋರ ನೋವು ಬರಲೇ ಇಲ್ಲ. ವಾಟ್ಸನ್ ಬರೆದದ್ದು 1948ರಲ್ಲಿ, ಚಿಕಿತ್ಸೆಗೆ ಒಪ್ಪಿಗೆ 2023ರಲ್ಲಿ. ಸರಿಯಾಗಿ ಎಪ್ಪತ್ತೈದು ವರ್ಷ.

ಎಲ್ಲ ಹೊಸ ಔಷಧವೂ ಹೀಗೆ ಗೆದ್ದಿಲ್ಲ. 2019ರಲ್ಲಿ ಬಹಳ ಭರವಸೆಯಿಂದ ಬಂದ ವಾಕ್ಸೆಲೋಟರ್ ಗುಳಿಗೆಯನ್ನು ಸುರಕ್ಷತೆಯ ಆತಂಕದಿಂದ 2024ರ ಸೆಪ್ಟೆಂಬರಿನಲ್ಲಿ ತಯಾರಕರೇ ಎಲ್ಲ ದೇಶಗಳಿಂದ ಹಿಂದಕ್ಕೆ ಪಡೆದರು. ಮಾರುಕಟ್ಟೆಗೆ ಬಂದ ಮೇಲೂ ಔಷಧವನ್ನು ಗಮನಿಸುತ್ತಲೇ ಇರಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಈಗ ಬೆಲೆಯ ಮಾತು. ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ಇಟ್ಟ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಜೇನು, ಕಾಫಿ ತೋಟದ ಕೂಲಿ ನೆಚ್ಚಿಕೊಂಡ ಕುಟುಂಬಕ್ಕೆ ಆ ಅಂಕಿಗೆ ಅರ್ಥವೇ ಇಲ್ಲ. ಅದಕ್ಕೇ ನಮ್ಮಲ್ಲಿ ನಡೆದಿರುವ ಸಂಶೋಧನೆಯ ಬಗ್ಗೆ ನನಗೆ ಅಷ್ಟು ಆಸೆ. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ತಮ್ಮದೇ ಕ್ರಿಸ್ಪರ್ ಸಾಧನದಿಂದ ಸಿಕಲ್ ಸೆಲ್ ಚಿಕಿತ್ಸೆ ರೂಪಿಸುತ್ತಿದ್ದಾರೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾಗಿ ವೆಲ್ಲೂರಿನಲ್ಲಿರುವ ಕಾಂಡಕೋಶ ಸಂಶೋಧನಾ ಕೇಂದ್ರ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇರುವ ಐವರಿಗೆ ನಡೆಸಿದ ಜೀನ್ ಚಿಕಿತ್ಸೆಯ ಫಲವನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದೆ. ಜೀನ್ ಚಿಕಿತ್ಸೆಯನ್ನು ನಮ್ಮ ನೆಲದಲ್ಲೇ ನಮ್ಮವರೇ ಮಾಡಬಲ್ಲರು ಎಂದು ಅದರಿಂದ ರುಜುವಾತಾಗಿದೆ.

ಆದರೆ ಆ ದಿನಕ್ಕಾಗಿ ಕಾಯುತ್ತಾ ಇಂದಿನ ಕೆಲಸ ಬಿಡುವಂತಿಲ್ಲ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿತು. ನಲವತ್ತು ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ಕ್ಕೆ ಕಾಯಿಲೆಯ ನಿರ್ಮೂಲನೆ ಅದರ ಗುರಿ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಯ ಕಡೆ ಬಹಳ ಮೊದಲೇ ಗಮನ ಕೊಟ್ಟಿತ್ತು. ಪರೀಕ್ಷೆ ಮಾಡಿ ಕೈಗೊಂದು ಚೀಟಿ ಕೊಟ್ಟರೆ ಸಾಲದು. ವಾಹಕರೆಂದು ಗೊತ್ತಾದವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ರೋಗಿಗಳೆಂದು ದೂರವಿಡುವುದು ತಪ್ಪು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಸಮಾಧಾನವಾಗಿ ಕೂತು, ಅವರ ಮಾತಿನಲ್ಲೇ ತಿಳಿಸಿ ಹೇಳಬೇಕು.

ಔಷಧದ ವಿಷಯದಲ್ಲೂ ನಾವು ಅಸಹಾಯಕರಲ್ಲ. ಹೈಡ್ರಾಕ್ಸಿಯೂರಿಯಾ ನಮ್ಮ ದೇಶದಲ್ಲೇ ತಯಾರಾಗುವ, ಕಡಿಮೆ ಬೆಲೆಯ ಗುಳಿಗೆ. ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ನಮ್ಮ ರೋಗಿಗಳಿಗೆ ಚೆನ್ನಾಗಿ ಒಗ್ಗುತ್ತದೆ ಎಂದು ಒಡಿಶಾದ ಬುರ್ಲಾದ ವೈದ್ಯರು ತೋರಿಸಿದ್ದಾರೆ. ಅಂಗೋಲಾ, ಕಾಂಗೋ, ಕೀನ್ಯಾ, ಉಗಾಂಡಾಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಗುಳಿಗೆ ಮಕ್ಕಳ ನೋವು, ಸೋಂಕು, ಸಾವು ಮೂರನ್ನೂ ತಗ್ಗಿಸಿತು, ಮಲೇರಿಯಾ ಕೂಡ ಕಡಿಮೆಯಾಯಿತು. ಇದನ್ನು ವೈದ್ಯರ ನಿಗಾದಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಾ ಸೇವಿಸಬೇಕು. ಹಾಗಾಗಿ ಗುಳಿಗೆಯೂ ಬೇಕು, ಪರೀಕ್ಷೆ ಮಾಡುವ ಸೌಕರ್ಯವೂ ಹತ್ತಿರದಲ್ಲೇ ಬೇಕು.

ಕಾಡಂಚಿನ ಊರುಗಳಲ್ಲಿ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಪಂಚಾಯಿತಿ ಸದಸ್ಯರು ಈ ಮಾತು ಕೇಳುತ್ತಿದ್ದರೆ ಅವರಲ್ಲಿ ನನ್ನ ಬೇಡಿಕೆ ಇಷ್ಟೇ. ಮಗು ಪದೇ ಪದೇ ಕೈಕಾಲು ನೋವೆಂದು ಅತ್ತರೆ, ಕಣ್ಣು ಹಳದಿಯಾಗಿದ್ದರೆ, ಕೈಬೆರಳು ಊದಿಕೊಂಡರೆ ಸಿಕಲ್ ಸೆಲ್ ಪರೀಕ್ಷೆ ಮಾಡಿಸಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೈಡ್ರಾಕ್ಸಿಯೂರಿಯಾ, ಪೆನಿಸಿಲಿನ್ ಎರಡೂ ದಾಸ್ತಾನಿದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಬರುವ ತನಕ ಬಿಡದೆ ಕೇಳಿ. ಜೀನ್ ತಿದ್ದುವ ಚಿಕಿತ್ಸೆ ಒಂದು ದಿನ ನಮ್ಮ ಜಿಲ್ಲಾ ಆಸ್ಪತ್ರೆಗೂ ಬರಲಿ. ಅದು ಬರುವಾಗ ಚಿಕಿತ್ಸೆ ಪಡೆಯಲು ಇಂದಿನ ಮಕ್ಕಳು ಬದುಕಿ, ಬೆಳೆದು ದೊಡ್ಡವರಾಗಿರಬೇಕು. ಅದಕ್ಕೆ ಬೇಕಾದ ಔಷಧ ಈಗಾಗಲೇ ನಮ್ಮ ಬಳಿ ಇದೆ.